ಅವ್ವನ ಎಡೆಗೆ ಮಾರ್ಕ್ಸ್ ಕಾರ್ಡು

ಅವ್ವ ಸತ್ತು ಹನ್ನೊಂದು ದಿನವಾಗಿತ್ತು. ನನಗೆ ಇನ್ನೂ ಅಳು ಬಂದಿರಲಿಲ್ಲ. ಕಿರುಗಾವಲಿನ ನಮ್ಮ ಮನೆ ತುಂಬ ನೆಂಟರು. ಕೂರು ಎಂದ ಕಡೆ ಕೂತೆ, ಏಳು ಎಂದಾಗ ಎದ್ದೆ.

ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ತಿಥಿಯ ದಿನ ಎಡೆಗೆ ಇಡುವುದು ನಮ್ಮಲ್ಲಿ ರೂಢಿ. ಮುದ್ದೆ, ಉಪ್ಸಾರು, ಎಲೆಅಡಿಕೆ, ಹೊಗೆಸೊಪ್ಪು ಎಲ್ಲ ಬಂತು. ಆಮೇಲೆ ಸೋದರಮಾವ ಪುಟ್ಟಸ್ವಾಮಿ ನನ್ನ ಕಡೆ ತಿರುಗಿದರು.

“ಲೇ ನಾಗ, ನಿನ್ ಮಾರ್ಕ್ಸ್ ಕಾರ್ಡೂ ತಂದು ಇಡ್ಲಾ. ಅವ್ಳ ಜೀವವೆಲ್ಲ ಅದ್ರಲ್ಲೇ ಇತ್ತು ಕಣ್ಲಾ.”

ಸುಳ್ಳಲ್ಲ. ನಾನು ಮಂಡ್ಯದಲ್ಲಿ ಡಿಪ್ಲೊಮಾಕ್ಕೆ ಸೇರಿದಾಗಿನಿಂದ ಅವ್ವ ಪ್ರತಿ ಸೋಮವಾರ ಒಂದು ಕಾಗದ ಕಳಿಸುತ್ತಿದ್ದಳು. ಅವಳಿಗೆ ಬರೆಯಲು ಬಾರದು. ಅವಳು ಹೇಳುತ್ತಿದ್ದಳು, ತಂಗಿ ದೀಪಿಕ ಬರೆಯುತ್ತಿದ್ದಳು, ಬಸ್ಸಿನ ಕಂಡಕ್ಟರ್ ಶಿವಯ್ಯ ಮಂಡ್ಯದ ಬಸ್ ಸ್ಟ್ಯಾಂಡಿನಲ್ಲಿ ನನಗೆ ಕೊಡುತ್ತಿದ್ದ. ಫೋನಿನಲ್ಲಿ ಹೇಳಿದರೆ ನಾನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತೇನೆಂದು ಅವಳ ತಕರಾರು. ಕಾಗದದಲ್ಲಿ ಇರುತ್ತಿದ್ದದ್ದು ಇಂಥವೇ: ‘ಉಂಡ ತಕ್ಷಣ ಓದಕ್ಕೆ ಕೂರಬ್ಯಾಡ, ತೂಕಡಿಕೆ ಬತ್ತದೆ. ಗೊತ್ತಾಗದಿದ್ರೆ ಮೇಷ್ಟ್ರನ್ನ ಕೇಳು. ಕೇಳುದ್ರೆ ನಿನ್ ಗಂಟೇನೂ ಓಗಕ್ಕಿಲ್ಲ.’

ಎರಡನೇ ವರ್ಷ ನಾಲ್ಕು ವಿಷಯಗಳಲ್ಲಿ ನಪಾಸಾಗಿ ನಾನು ಕಾಲೇಜು ಬಿಟ್ಟೆ. ಆಗಿನಿಂದ ಮಂಡ್ಯದ ಒಂದು ಬೇಕರಿಯಲ್ಲಿ ಕೆಲಸ. ಅವ್ವನ ಮುಖ ನೋಡುವ ಧೈರ್ಯವಿಲ್ಲದೆ, ಹಬ್ಬಕ್ಕೆ ಕರೆದಾಗಲೆಲ್ಲ ಪರೀಕ್ಷೆ ಇದೆ ಎಂದೆ. ವರ್ಷಕ್ಕೆ ಅಷ್ಟು ಪರೀಕ್ಷೆ ಯಾವ ದೇಶದಲ್ಲೂ ಇರಲಾರದು.

“ಕಾರ್ಡಿಲ್ಲ ಮಾವ. ಕಾಲೇಜು ಬಿಟ್ಟು ಒಂದೂವರೆ ವರ್ಷ ಆಯ್ತು,” ಎಂದೆ.

ಮಾವ ಎಲ್ಲರೆದುರಿಗೇ ಕೆನ್ನೆಗೆ ಬಾರಿಸಿದರು. ಸದ್ದು ಕೇಳಿಸಿತು, ನೋವಾಗಲಿಲ್ಲ. ಬೇರೆ ಯಾರಿಗೋ ಹೊಡೆದಂತಿತ್ತು.

ದೀಪಿಕ ಅಡ್ಡ ಬಂದಳು. “ಬುಡು ಮಾವ. ಅವ್ವಂಗೆ ಗೊತ್ತಿತ್ತು. ಅಣ್ಣನ್ನ ಬೇಕ್ರೀಲಿ ನೋಡ್ದೆ ಅಂತ ಶಿವಯ್ಯ ಹೋದ್ವರ್ಸವೇ ಹೇಳಿದ್ದ.”

ನಾನು ಅವಳ ಕಡೆ ತಿರುಗಿದೆ. “ಮತ್ತೆ ಓದು ಓದು ಅಂತ ಯಾಕೆ ಬರೆಸ್ತಿದ್ಲು?”

“ನಾನೂ ಕೇಳ್ದೆ ಕಣಣ್ಣ. ‘ಕಾಗದ ನಿಲ್ಸುದ್ರೆ ನಂಗೆ ಗೊತ್ತಾಗೋಯ್ತು ಅಂತ ಅವನಿಗೆ ತಿಳಿದೋಯ್ತದೆ. ಆಮೇಲೆ ನಾಚ್ಕೊಂಡು ಊರಿಗೇ ಬರಕ್ಕಿಲ್ಲ. ನೀನು ಬರಿ’ ಅಂದ್ಲು.”

ಬೇಕರಿ ಸೇರಿದ ಮೇಲೆ ನಾನು ಊರಿಗೆ ಬಂದದ್ದು ಒಂದೇ ಸಲ, ಅವಳನ್ನು ಮಣ್ಣು ಮಾಡಿದ ದಿನ.