ಕಪ್ಪು ಬೇಡ, ತಿಳಿಹಳದಿ

"ಸ್ವಲ್ಪ ಓರೆ ಮಾಡ್ರಪ್ಪ, ಬಾಗಿಲಿಗೆ ತಾಗುತ್ತೆ," ಎನ್ನುತ್ತ ನಿವೃತ್ತ ಬಸ್ ಡ್ರೈವರ್ ಶವಪೆಟ್ಟಿಗೆಯ ತಲೆಯ ಕಡೆ ಹಿಡಿದು ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಟ್ಟ. ಒಳಗೆ ಮಲಗಿದ್ದವಳು ಅವನ ಹೆಂಡತಿ. ಮನೆ ಮಹಡಿಯ ಮೇಲೆ; ಮೆಟ್ಟಿಲೋ, ಒಬ್ಬರು ಇಳಿಯುವಾಗ ಇನ್ನೊಬ್ಬರು ಕಾಯಬೇಕಾದಷ್ಟು ಇಕ್ಕಟ್ಟು. ಹಾಗಾಗಿ ಆಸ್ಪತ್ರೆಯಿಂದ ಬಂದವಳನ್ನು ಕೆಳಗೆ ಅವಳ ಅಂಗಡಿಯಲ್ಲೇ, ಸೂರಿನವರೆಗೂ ಉಲ್ಲನ್ ಉಂಡೆ ತುಂಬಿದ್ದ ಕಪಾಟುಗಳ ನಡುವೆ ಇಳಿಸಿದರು. ಬೀದಿಗೆಲ್ಲ ಅವಳು ಉಲ್ಲನ್ ಅಕ್ಕ.

ಬಂದವರು ಕಣ್ಣೊರೆಸಿಕೊಳ್ಳುತ್ತಲೇ ಅವಳ ಬೈಗುಳ ನೆನೆದು ನಗುತ್ತಿದ್ದರು.

"ಮೊದಲ ದಿನ ನಾನು ಮಿರಮಿರ ಮಿಂಚೋ ಉಲ್ಲನ್ ಕೇಳ್ದೆ," ಎಂದಳು ಅವಳ ಬಳಿ ಹೆಣಿಗೆ ಕಲಿತಿದ್ದ ನರ್ಸ್. "'ಅದು ನೋಡೋಕೆ ಕಣೇ, ಹೆಣೆಯೋಕಲ್ಲ' ಅಂತ ಕೈಯಿಂದ ಕಿತ್ಕೊಂಡು ಒಳಗಿಟ್ಟುಬಿಟ್ರು!"

"ನನ್ನ ಕಥೆ ಕೇಳಿ," ಎಂದ ಎದುರುಮನೆಯ ದರ್ಜಿ. "ಹೊಲಿಗೆ ಬರುತ್ತೆ ಅಂತ ಕೊಬ್ಬು ನಿನಗೆ, ಮೊದಲು ದಪ್ಪ ಉಲ್ಲನ್ ಹಿಡಿ ಅಂದ್ರು."

ನಾದಿನಿ ಮಾತ್ರ ನಗಲಿಲ್ಲ. ಅಕ್ಕನ ಕಾಲ ಬಳಿ ಕೂತಿದ್ದವಳು ಮೆಲ್ಲಗೆ ಹೇಳಿದಳು: "ಭಾವ, ಅಂಗಡಿ ಮುಚ್ಚಿ ನಮ್ಮನೆಗೆ ಬಂದ್ಬಿಡಿ. ಸ್ಟೇರಿಂಗ್ ಹಿಡಿದ ಕೈಗೆ ಇದೆಲ್ಲ ಏನು ತಿಳಿಯುತ್ತೆ?"

ಡ್ರೈವರ್ ಕಪಾಟಿನಿಂದ ಹೊರಚಾಚಿದ್ದ ಉಂಡೆಯೊಂದನ್ನು ಒಳಗೆ ತಳ್ಳಿದ.

* * *

ನಿವೃತ್ತಿಯಾದ ವಾರವೇ ಅವನು ಗಲ್ಲಾದ ಮುಂದೆ ಠೀವಿಯಿಂದ ಕೂತಿದ್ದ.

"ಏಳ್ರೀ," ಎಂದಿದ್ದಳು ಹೆಂಡತಿ. "ಲೈಸೆನ್ಸ್ ಇಲ್ಲದೆ ನಿಮಗೆ ಬಸ್ ಕೊಡ್ತಿದ್ರಾ? ಒಂದು ಮಫ್ಲರ್ ಹೆಣೆದು ತೋರಿಸಿ, ಆಮೇಲೆ ಮಾರಿ."

ಹಟಕ್ಕೆ ಬಿದ್ದು ಅವನು ಫಳಫಳಿಸುವ ಉಕ್ಕಿನ ಕಡ್ಡಿ, ಕಡುನೀಲಿ ಉಲ್ಲನ್ ಆರಿಸಿಕೊಂಡ. ಅವಳು ತಡೆಯಲಿಲ್ಲ. ನುಣುಪು ಕಡ್ಡಿಯಿಂದ ಕುಣಿಕೆಗಳು ಸರಸರ ಜಾರಿದವು. ಜಾರಿದ್ದು ಎಲ್ಲಿ ಹೋಯಿತೆಂದು ಆ ಕಡುಬಣ್ಣದಲ್ಲಿ ಕಾಣಲೂ ಇಲ್ಲ. ಬೆವರೊರೆಸಿಕೊಳ್ಳುತ್ತಿದ್ದವನ ಮುಂದೆ ಅವಳು ಬಿದಿರಿನ ಕಡ್ಡಿಗಳನ್ನೂ ತಿಳಿಬಣ್ಣದ, ತುಸು ದಪ್ಪನೆಯ ಉಂಡೆಯನ್ನೂ ಇಟ್ಟು, "ಹಾಂ, ಈಗ ಶುರು ಮಾಡೋಣ," ಎಂದಳು.

ಮಫ್ಲರ್ ಒಂದು ತುದಿ ಅಗಲ, ಇನ್ನೊಂದು ತುದಿ ಕಿರಿದಾಗಿ ಮುಗಿಯಿತು. ಆ ಚಳಿಗಾಲವೆಲ್ಲ ಅದನ್ನು ಸುತ್ತಿಕೊಂಡೇ ಅವಳು ವ್ಯಾಪಾರ ಮಾಡಿದಳು. "ನಮ್ಮನೆಯವರು ಹೆಣೆದಿದ್ದು," ಎಂದು ಕೇಳದವರಿಗೂ ಹೇಳಿದಳು.

* * *

"ಎರಡು ಉಂಡೆ ಕಪ್ಪು ಉಲ್ಲನ್ ಕೊಡ್ತೀರಾ?"

ಎಲ್ಲರೂ ತಿರುಗಿ ನೋಡಿದರು. ಶಟರ್ ಎತ್ತಿದ್ದು ಕಂಡು ಯಾರೋ ಅಪರಿಚಿತ ಹೆಂಗಸು ಒಳಗೆ ಕಾಲಿಟ್ಟಿದ್ದಳು. ಪೆಟ್ಟಿಗೆ ಕಂಡದ್ದೇ ಅವಳ ಮುಖ ಬಿಳಿಚಿತು. "ಅಯ್ಯೋ, ಗೊತ್ತಾಗ್ಲಿಲ್ಲ... ತಪ್ಪು ತಿಳ್ಕೋಬೇಡಿ."

"ಬನ್ನಮ್ಮ, ಒಳಗೆ ಬನ್ನಿ," ಎಂದ ಡ್ರೈವರ್.

"ಭಾವ! ಅಕ್ಕನ ಮುಂದೇನೇ ವ್ಯಾಪಾರಾನಾ?"

"ಬಂದವರನ್ನ ಹಾಗೇ ಕಳಿಸಿದ್ರೆ ನಿಮ್ಮಕ್ಕ ಎದ್ದು ಕೂತು ಬೈತಾಳೆ," ಎಂದು ಅವನು ಹೆಂಗಸಿನ ಕಡೆ ತಿರುಗಿದ. "ಯಾರಿಗಮ್ಮ?"

"ನನಗೇ. ಅಪ್ಪ ಆಸ್ಪತ್ರೇಲಿದಾರೆ. ಪಕ್ಕದಲ್ಲಿ ಸುಮ್ಮನೆ ಕೂತು ಕೂತು ತಲೆ ಕೆಟ್ಟುಹೋಗಿದೆ. ಯಾವತ್ತೂ ಹೆಣೆದೋಳಲ್ಲ. ಕಪ್ಪಾದ್ರೆ ಕೊಳೆ ಕಾಣಲ್ಲ ಅಂತ..."

"ಕೊಳೆ ಜೊತೆ ಕುಣಿಕೇನೂ ಕಾಣಲ್ಲ." ಅವನು ತಿಳಿಹಳದಿ ಉಂಡೆಯೊಂದನ್ನು ಇಳಿಸಿ, ಎಳೆಯನ್ನು ಬೆರಳಲ್ಲಿ ಉಜ್ಜಿ ನೋಡಿದ. "ಜುಂಗು ಇಲ್ಲ. ತಪ್ಪಾದ್ರೆ ಬಿಚ್ಚಬಹುದು, ಸಿಕ್ಕಾಗಲ್ಲ."

ಕೈ ತಾನಾಗಿ ಬಿದಿರಿನ ಕಡ್ಡಿಗಳತ್ತ ಹೋಗಿ, ಅರ್ಧದಲ್ಲೇ ನಿಂತಿತು.

"ಅಪ್ಪ ಕರೆದಾಗೆಲ್ಲ ಏಳ್ಬೇಕಲ್ವಾ?"

"ಏಳ್ಬೇಕು. ಯಾವಾಗ ಕರೀತಾರೋ ಹೇಳೋಕಾಗಲ್ಲ."

"ಹಾಗಾದ್ರೆ ಕಡ್ಡಿ ಬೇಡ. ಕಡ್ಡಿ ಮೇಲೆ ಸಾಲಿಗೆ ಸಾಲೇ ಕುಣಿಕೆ, ಜಾರಿದ್ರೆ ಕೆಲಸ ಕೆಟ್ಟಿತು. ಕ್ರೋಶಾ ಹಿಡೀರಿ. ಕೊಕ್ಕೇಲಿ ಕಾಯಬೇಕಾದ್ದು ಒಂದೇ ಕುಣಿಕೆ. ಹಾಗೇ ಬಿಟ್ಟು ಎದ್ದು ಹೋಗಬಹುದು."

ಕ್ರೋಶಾ ಹೆಂಡತಿ ಕಲಿಸಿದ್ದೇ; ಪದೇಪದೇ ಏಳಬೇಕಾದವರಿಗೆ ಅದೇ ಸರಿಯೆಂದು ಮಾತ್ರ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದಪ್ಪ ಹಿಡಿಯ ಕೊಕ್ಕೆಯೊಂದನ್ನು ಆರಿಸಿ, ಅವಳ ಬೆರಳಿಗೆ ನೂಲು ಸುತ್ತಿಸಿ, ಸರಪಳಿ ಹಾಕುವುದನ್ನು ತೋರಿಸಿದ. ದರ್ಜಿ ಕತ್ತು ಚಾಚಿ ನೋಡಿ ತಲೆದೂಗಿದ.

"ಎಲ್ಲಾದ್ರೂ ತೊಡಕಾಯ್ತು ಅಂದ್ರೆ ನಾಳೆ ಬನ್ನಿ," ಎಂದ ಡ್ರೈವರ್, ನಾದಿನಿಗೂ ಕೇಳುವಂತೆ. "ಅಂಗಡಿ ತೆಗೆದಿರುತ್ತೆ."

ಪೆಟ್ಟಿಗೆ ಎತ್ತುವ ಹೊತ್ತಾಯಿತು. ಮಂಡಿನೋವಿನ ನಾದಿನಿಗೆ ಸ್ಮಶಾನದ ಏರು ಹತ್ತಲಾಗದು. ಒಬ್ಬಳೇ ಉಳಿಯುತ್ತಾಳಲ್ಲ ಎಂದು ಎಲ್ಲರೂ ಮುಖ ಮುಖ ನೋಡಿಕೊಂಡಾಗ ಆ ಹೆಂಗಸೇ ಹೇಳಿದಳು: "ನಾನಿರ್ತೀನಿ. ಹೇಗೂ ಇವತ್ತು ಸಂಜೆವರೆಗೆ ಅಪ್ಪನ ವಾರ್ಡಿನೊಳಗೆ ಬಿಡಲ್ಲ."

ಮಣ್ಣು ಮಾಡಿ ಡ್ರೈವರ್ ಮರಳಿದಾಗ ಅಂಗಡಿಯೊಳಗೆ ಮಬ್ಬುಗತ್ತಲು. ಪೆಟ್ಟಿಗೆ ಇದ್ದ ಜಾಗದಲ್ಲೇ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಕೊಕ್ಕೆ ನಾದಿನಿಯ ಕೈಯಲ್ಲಿತ್ತು.

"ಹಾಗಲ್ಲಮ್ಮ, ಮೊದಲು ನೂಲು ಸುತ್ತಿ, ಆಮೇಲೆ ಒಳಗಿಂದ ಎಳೀರಿ," ಎನ್ನುತ್ತಿದ್ದಳು ಆ ಹೆಂಗಸು.

ನಾದಿನಿ ಕೈ ಬಿಡದೆ ಭುಜಕ್ಕೇ ಮೂಗು ಒರೆಸಿಕೊಂಡು ಎಳೆದಳು. ಅವಳ ಮಡಿಲಿನಿಂದ ತಿಳಿಹಳದಿ ಸರಪಳಿ, ಒಂದು ಕಡೆ ಬಿಗಿ, ಒಂದು ಕಡೆ ಸಡಿಲ, ನೆಲಕ್ಕಿಳಿದು ಹೊಸಿಲವರೆಗೂ ಹರಿದಿತ್ತು. ಡ್ರೈವರ್ ಅದನ್ನು ತುಳಿಯದಂತೆ ದಾಟಿ ಒಳಗೆ ಹೋಗಿ ದೀಪ ಹಾಕಿದ. ಇಬ್ಬರೂ ತಲೆಯೆತ್ತಲಿಲ್ಲ.