ಬರಿ ಹಣೆಯ ಫೋಟೋದಾಕಿ

ಮದುವೆ ಕೆಲಸಕ್ಕೆ ಹೊರಡುವ ದಿನ ಶಿವರಂಜನಿ ತನ್ನ ಮೈಮೇಲಿನ ಮದುವೆಯ ಗುರುತುಗಳನ್ನೆಲ್ಲ ತೆಗೆದಿಡುತ್ತಾಳೆ. ಕೈತುಂಬ ಬಳೆ ಇದ್ದರೆ ವಿಡಿಯೋದಲ್ಲಿ ಸೋಬಾನೆ ಹಾಡಿಗಿಂತ ಬಳೆಯ ಸದ್ದೇ ಜೋರಾಗಿ ಕೇಳುತ್ತದೆ. ಬಗ್ಗಿದಾಗಲೆಲ್ಲ ತಾಳಿ ಬಡಿದು ಕ್ಯಾಮೆರಾಕ್ಕೆ ಗೀರು ಬೀಳುತ್ತದೆ. ಹಣೆಯ ಕುಂಕುಮವಂತೂ ಕ್ಯಾಮೆರಾಕ್ಕೆ ಕಣ್ಣು ಹಚ್ಚಿದಾಗಲೆಲ್ಲ ಉದುರಿ ಗುಂಡಿಗಳ ಸಂದಿಗೆ ಸೇರಿಕೊಳ್ಳುತ್ತದೆ. ರಿಪೇರಿಯವನು ಒಂದು ಸಲ "ಇದು ಕ್ಯಾಮೆರಾನೋ, ಕುಂಕುಮದ ಭರಣಿನೋ?" ಎಂದು ಬೈದಿದ್ದ. ಅಂದಿನಿಂದ ಬಳೆ, ತಾಳಿ ಚೀಲದೊಳಗೆ, ಕಾಲುಂಗುರ ಸಾಕ್ಸಿನೊಳಗೆ, ಹಣೆ ಬರಿದು.

ಅವತ್ತೂ ಚಿತ್ತಾಪುರದ ಮನೆಯಲ್ಲಿ ಹಣೆ ಒರೆಸಿಕೊಳ್ಳುತ್ತಿದ್ದಾಗ ಗಂಡ ಬಸವಲಿಂಗ ಚಹಾ ಹಿಡಿದು ಬಂದು ಕೆಣಕಿದ.

"ನಾ ಇನ್ನಾ ಜೀವಂತ ಅದೀನಿ ನೋಡು."

"ಗೊತ್ತದ. ಕುಕ್ಕರಿನಾಗ ಬ್ಯಾಳಿ ಇಟ್ಟೀನಿ, ಸೀಟಿ ಆದ ಮ್ಯಾಲ ಆರಿಸು. ಮರೀಬ್ಯಾಡ."

ಕಲಬುರಗಿಯ ಒಂದು ಸ್ಟುಡಿಯೋದಲ್ಲಿ ಅವಳು ವರ್ಷಗಟ್ಟಲೆ ದುಡಿದಿದ್ದಳು. ತೆಗೆದವಳು ಇವಳು, ಫೋಟೋದ ಮೂಲೆಯಲ್ಲಿ ಹೆಸರು ಮಾಲೀಕನದು. ಈಗ ಅದನ್ನು ಬಿಟ್ಟು ತನ್ನದೇ ಹೆಸರಿನಲ್ಲಿ ಹಿಡಿದ ಮೊದಲ ದೊಡ್ಡ ಕೆಲಸ ಸೇಡಂನ ಹಣಮಂತರಾಯರ ಮನೆಯ ಮದುವೆ. ಹಣಮಂತರಾಯರಿಗೆ ದಾಲ್ ಮಿಲ್ಲಿದೆ, ಊರಿನ ಸಾಂಸ್ಕೃತಿಕ ಸಂಘದ ಅಧ್ಯಕ್ಷ ಪದವಿಯೂ ಇದೆ. ಚಿಂಚೋಳಿಯಿಂದ ವಾಡಿಯವರೆಗಿನ ತತ್ವಪದದವರು, ಬಯಲಾಟದವರು ಎಲ್ಲರನ್ನೂ ಫೋಟೋ ತೆಗೆದು, ಮಾತಾಡಿಸಿ, ಪುಸ್ತಕ ಮಾಡಿ ಪ್ರದರ್ಶನ ಇಡುವ ಯೋಜನೆ ಸಂಘದ್ದು. "ಮದುವಿ ಕೆಲಸ ನೋಡ್ತೀನಿ ತಂಗಿ, ಛಲೋ ಅನಿಸಿದ್ರ ಅದೂ ನಿಂದೇ" ಎಂದಿದ್ದರು. ಮದುವೆ ಫೋಟೋದವಳು ಎಂಬಷ್ಟಕ್ಕೇ ನಿಲ್ಲಬಾರದು ಎಂದು ಹಂಬಲಿಸುತ್ತಿದ್ದ ಶಿವರಂಜನಿಗೆ ಆ ಮಾತು ಕೇಳಿದ ದಿನ ಖುಷಿಗೆ ಊಟ ಸೇರಿರಲಿಲ್ಲ.

ಶಹಾಬಾದಿನ ಫರಹತ ವಿಡಿಯೋ ತೆಗೆಯುವವಳು, ಇವಳ ಜೋಡಿ. ಅವಳು ಹತ್ತಿದ ರೈಲನ್ನೇ ಚಿತ್ತಾಪುರದಲ್ಲಿ ಶಿವರಂಜನಿ ಹತ್ತಿದಳು. ಸೇಡಂ ಮುಟ್ಟಿದಾಗ ಮನೆಯಂಗಳದಲ್ಲಿ ಸುರಗಿಗೆ ಸಿದ್ಧತೆ ನಡೆದಿತ್ತು. ನಾಲ್ಕು ಮೂಲೆಗೆ ತಂಬಿಗೆ ಇಟ್ಟು ನೂಲು ಸುತ್ತಿದ್ದರು. ನಡುವೆ ಮಣೆಯ ಮೇಲೆ ಮದುಮಗಳು ಸುಶ್ಮಿತಾ ಕೂತಿದ್ದಳು. ಮುತ್ತೈದೆಯರು ಅರಿಶಿಣ ಹಚ್ಚಿ ನೀರೆರೆಯುವ ಈ ಶಾಸ್ತ್ರಕ್ಕೆ ಗಂಡಸರು ಬರುವಂತಿಲ್ಲ. ಹೆಂಗಸು ಫೋಟೋಗ್ರಾಫರೇ ಬೇಕೆಂದು ಹುಡುಕಿ ಕರೆಸಿದ್ದೂ ಇದಕ್ಕಾಗಿಯೇ.

ಫೋನಿನಲ್ಲಿ ಎಲ್ಲವನ್ನೂ ಮಾತಾಡಿದ್ದ ನಾಗರತ್ನಾ ಎದುರಿಗೆ ಬಂದರು. ಇವರೇ ಹುಡುಗಿಯ ತಾಯಿ ಎಂದು ಶಿವರಂಜನಿ ತಿಳಿದಿದ್ದಳು. ನಾಗರತ್ನಾ ಇವಳ ಹಣೆ ನೋಡಿದರು, ಕೊರಳು ನೋಡಿದರು, ಮುಂಗೈ ನೋಡಿದರು. ಮುಖದ ಮೇಲಿನ ನಗು ಅಲ್ಲಿಗೇ ನಿಂತಿತು.

"ನೀ ಹೊರಗ ನಿಂದ್ರು. ಆ ಸಾಬರ ಹುಡುಗಿ ತೆಗೀಲಿ."

"ಯಾಕ್ರಿ ಅಕ್ಕಾರ? ಆಕಿ ವಿಡಿಯೋದಾಕಿ, ಫೋಟೋ ನಂದು."

"ಯಾಕಂತ ನನ್ನ ಬಾಯಿಲೆ ಹೇಳಸ್ತೀಯೇನು? ಕನ್ನಡಿ ನೋಡ್ಕೊಂಡಿಲ್ಲೇನು? ಗಂಡಿಲ್ಲದಾಕಿ ಸುರಗ್ಯಾಗ ಎದುರಿಗಿ ನಿಂತ್ರ ನಮ್ಮ ಹುಡುಗಿ ಬಾಳೇವು ಏನಾಗಬೇಕು? ಇಂಥಾಕಿ ಅಂತ ಫೋನಿನಾಗ ಹೇಳೂದಲ್ಲೇನು ಮೊದಲ?"

ಶಿವರಂಜನಿಗೆ ಮೊದಲು ನಗು ಬಂತು. ಬೆಳಗ್ಗೆ ಚಹಾ ಕೊಟ್ಟ ಗಂಡನನ್ನು ಇವರು ಮಧ್ಯಾಹ್ನದೊಳಗೆ ಮಣ್ಣು ಮಾಡಿಬಿಟ್ಟಿದ್ದರು. ಆಮೇಲೆ ಸಿಟ್ಟು ಬಂತು. ಅದರ ಹಿಂದೆಯೇ ಸಂಘದ ಪುಸ್ತಕದ ನೆನಪೂ ಬಂತು. ಒಂದು ಸಾಕ್ಸು ಎಳೆದು ಕಾಲುಂಗುರ ತೋರಿಸಿದರೆ ಮುಗಿಯುವ ಮಾತು. ಅವಳು ಬಗ್ಗಿದಳು.

ಅಷ್ಟರಲ್ಲಿ ನಾಗರತ್ನಾ ಸುತ್ತಲಿನ ಹೆಂಗಸರ ಕಡೆ ತಿರುಗಿ ಹೇಳುತ್ತಿದ್ದರು. "ಹಡದಾಕಿ ಭಾಗಮ್ಮನೇ ತಿಳಕೊಂಡು ಅಡಗಿಮನ್ಯಾಗ ಕುಂತಾಳ. ಇಕಿ ನೋಡ್ರಿ, ಕ್ಯಾಮೆರಾ ಹಿಡ್ಕೊಂಡು ಮುಂದ ಬಂದಾಳ."

ಶಿವರಂಜನಿಯ ಕೈ ಸಾಕ್ಸಿನ ಮೇಲೆಯೇ ನಿಂತಿತು. ಹಾಗಾದರೆ ನಾಗರತ್ನಾ ದೊಡ್ಡವ್ವ, ಹಣಮಂತರಾಯರು ದೊಡ್ಡಪ್ಪ. ಹುಡುಗಿಯ ತಾಯಿ ಒಳಗಿದ್ದಾಳೆ, ಗಂಡ ಸತ್ತವಳೆಂದು. "ನಾ ಮುತ್ತೈದಿ ಇದ್ದೀನ್ರಿ" ಎಂದು ಈಗ ಕಾಲು ತೋರಿಸಿದರೆ, ಆ ತಾಯಿಯನ್ನು ಒಳಗೆ ಕೂರಿಸಿದ್ದು ಸರಿ ಎಂದು ತಾನೂ ಒಪ್ಪಿದಂತೆಯೇ. ಹೇಳಬೇಡ ಎಂದು ಫರಹತಳಿಗೆ ಕಣ್ಣಲ್ಲೇ ಸನ್ನೆ ಮಾಡಿ, ಶಿವರಂಜನಿ ಅಡುಗೆಮನೆಗೆ ಹೋದಳು.

ಭಾಗಮ್ಮ ಫರಸಿ ಕಲ್ಲಿನ ನೆಲದ ಮೇಲೆ ಕೂತು ದೊಡ್ಡ ಪರಾತದಲ್ಲಿ ಅರಿಶಿಣಕ್ಕೆ ಎಣ್ಣೆ ಹಾಕಿ ಕಲೆಸುತ್ತಿದ್ದರು. ಮೊಣಕೈವರೆಗೆ ಹಳದಿ. ಹೊರಗಿನ ಮಾತೆಲ್ಲ ಕೇಳಿದ್ದಿರಬೇಕು, ಗೋಣಿನಿಂದಲೇ ಕೂರು ಎಂದರು.

"ಬಾ ಯವ್ವಾ. ಇಲ್ಲಿ ನಮ್ಮನ್ನ ಯಾರೂ ಏನೂ ಅನ್ನಂಗಿಲ್ಲ. ನಿನ್ನಾತ ಹ್ಯಾಂಗ ಹೋದ? ಸಣ್ಣ ವಯಸ್ಸು ನಿಂದು."

ಶಿವರಂಜನಿ ಪರಾತದ ಕಡೆ ಕೈ ತೋರಿಸಿ, "ಇದನ್ನ ನೀವೇ ಕಲಿಸ್ಲಿಕತ್ತೀರಿ?" ಎಂದಳು.

"ಕಲಿಸ್ಲಿಕ್ಕ ನನ್ನ ಕೈ ನಡೀತದ, ಹಚ್ಚಲಿಕ್ಕ ನಡ್ಯಂಗಿಲ್ಲ. ಯಾರೂ ನೋಡೂದಿಲ್ಲ, ಲಗೂ ಕಲಿಸು ಅಂದಾಳ ನಾಗಕ್ಕ." ಭಾಗಮ್ಮ ನಕ್ಕರು.

ಹೊರಗೆ ಫರಹತ ಎಷ್ಟು ಹೊತ್ತು ಬಾಯಿ ಬಿಗಿಹಿಡಿದಾಳು? ಯಾರೋ ಒಬ್ಬಾಕೆ "ಪಾಪ, ಎಷ್ಟು ವರ್ಷಾತು ಆಕಿ ಗಂಡ ಸತ್ತು?" ಎಂದು ಕೇಳಿದ್ದೇ, ತಡೆಯಲಾಗದೆ ಸಿಡಿದಳು. "ಅವರು ಗಟ್ಟಿಮುಟ್ಟಾಗಿ ಅದಾರ್ರೀ! ಕೆಲಸಕ್ಕ ತ್ರಾಸ ಆಗ್ತದಂತ ಅಕ್ಕ ಕುಂಕುಮ ಹಚ್ಕೊಳಂಗಿಲ್ಲ, ಅಷ್ಟೇ!"

ನಾಗರತ್ನಾ ಕುಂಕುಮದ ಬಟ್ಟಲು ಹಿಡಿದೇ ಅಡುಗೆಮನೆಗೆ ಬಂದರು. ದನಿಗೆ ಬೆಲ್ಲ ಹತ್ತಿತ್ತು. "ಮೊದಲೇ ಹೇಳಬಾರದೇನು ನಮ್ಮವ್ವಾ! ಹಣಿ ಕೊಡು ಇಲ್ಲಿ. ಬಾ, ಹೊತ್ತಾಗ್ಲಿಕತ್ತದ."

ಭಾಗಮ್ಮ ಒಂದು ಕ್ಷಣ ಶಿವರಂಜನಿಯ ಮುಖ ನೋಡಿದರು. ಆಮೇಲೆ, ಯಾರೂ ಹೇಳದೆಯೇ, ಕೂತಲ್ಲಿಂದ ಒಂದು ಮೊಳ ಹಿಂದೆ ಸರಿದರು. ಆ ಒಂದು ಮೊಳ ಶಿವರಂಜನಿಗೆ ತಡೆಯಲಾಗಲಿಲ್ಲ.

"ಅವ್ವಾರು ಬಂದ್ರ ನಾ ಬರ್ತೀನಿ. ಇಲ್ಲಂದ್ರ ಇಬ್ಬರೂ ಇಲ್ಲೇ ಇರ್ತೀವಿ."

"ಏನಂದಿ?"

"ಕೇಳಿಸ್ತಲ್ರಿ."

"ಫೋಟೋ ತೆಗ್ಯಾಕ ಬಂದಾಕಿ ಫೋಟೋ ತೆಗಿ. ನಮ್ಮ ಮನಿ ರೀತಿ ತಿದ್ದಂತ ಯಾರು ಕರಸ್ಯಾರ ನಿನ್ನ?" ನಾಗರತ್ನಾ ಕೂಗಿದ ರಭಸಕ್ಕೆ ಅಂಗಳದ ಹಾಡು ನಿಂತಿತು. ಹಿಂದಿನ ಬಾಗಿಲಿನಿಂದ ಹಣಮಂತರಾಯರು ಬಂದರು. ಪಡಸಾಲೆಯ ಗೋಡೆಯಲ್ಲಿ ಬಸವಣ್ಣನವರ ದೊಡ್ಡ ಫೋಟೋ ಹಾಕಿ, ದಿನವೂ ಮಾಲೆ ಬದಲಿಸುವ ಮನುಷ್ಯ. ಅವರು ದನಿ ಏರಿಸಲಿಲ್ಲ.

"ನೋಡು ತಂಗಿ, ನಾ ಇದನ್ನೆಲ್ಲ ನಂಬಾಂವಲ್ಲ. ಇದರ ವಿರುದ್ಧ ಸ್ಟೇಜ್ ಮ್ಯಾಲ ಮಾತಾಡೀನಿ. ಆದ್ರ ಗಂಡಿನ ಕಡಿ ಹೆಣ್ಮಕ್ಕಳು ಬಂದು ಕುಂತಾರ. ನಾಳಿ ಹುಡುಗಿಗಿ ನೆಗಡಿ ಬಂದ್ರೂ ಭಾಗಮ್ಮನ ಕೈ ಅಂತಾರ. ಆಕಿ ಛಲೋಕ್ಕನ ಹೇಳ್ಲಿಕತ್ತೀವಿ. ಸುಮ್ಮ ಹೋಗಿ ನಿನ್ನ ಕೆಲಸ ಮಾಡು. ಸಂಘದ ಕೆಲಸಾನೂ ಮುಂದದ, ನೆನಪಿರಲಿ."

ಅದು ಬುದ್ಧಿಮಾತಿನಂತೆ ಕೇಳುವ ಬೆದರಿಕೆ. ಶಿವರಂಜನಿ ಬಾಯಿ ತೆರೆಯುವಷ್ಟರಲ್ಲಿ ಭಾಗಮ್ಮನೇ ಅವಳ ಮೇಲೆ ಹರಿಹಾಯ್ದರು.

"ನನ್ನ ಹೆಸರು ಹೇಳಿ ನೀ ಜಗಳ ತೆಗೀಬ್ಯಾಡ! ನಿಂಗ ಗಂಡ ಅದಾನ. ಸಂಜಿಗಿ ಚಿತ್ತಾಪುರಕ್ಕ ಹೋಗಿ ಅರಾಮ ಮಲಗ್ತಿ. ನಾ ಇದೇ ಮನ್ಯಾಗ ಇವರು ಹಾಕಿದ ಅನ್ನ ಉಣಬೇಕು. ನಾ ಏನರೆ ನಿನ್ನ ಕೇಳೀನೇನು, ನನ್ನ ಹೊರಗ ಕರ್ಕೊಂಡ್ಹೋಗು ಅಂತ?"

ಶಿವರಂಜನಿಗೆ ಕೆನ್ನೆಗೆ ಹೊಡೆದಂತಾಯಿತು. ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ತನ್ನ ಹಟದ ಖರ್ಚು ಈ ಹೆಂಗಸಿನ ತಲೆಯ ಮೇಲೆ ಬೀಳುತ್ತದೆಂದು ಅವಳು ಯೋಚಿಸಿರಲೇ ಇಲ್ಲ. ನಾಚಿಕೆಯಾಯಿತು. "ತಪ್ಪಾತ್ರಿ ಅವ್ವಾ" ಎಂದು ಎದ್ದಳು.

ಆದರೆ ಬಾಗಿಲಲ್ಲಿ ಸುಶ್ಮಿತಾ ನಿಂತಿದ್ದಳು. ಮಣೆಯಿಂದ ಎದ್ದು, ಸುತ್ತಿದ ನೂಲು ದಾಟಿ ಬಂದಿದ್ದಳು. ಹಿಂದೆ ಹೆಂಗಸರು "ಏಳಬಾರದವ್ವ, ಏಳಬಾರದು" ಎಂದು ಕೂಗುತ್ತಿದ್ದರು.

"ನಾ ಕೇಳಾಕತ್ತೀನಿ ಅವ್ವಾ. ಆಕಿ ಬ್ಯಾಡ, ನಾ ಕೇಳಾಕತ್ತೀನಿ. ಹೊರಗ ಬಾ."

"ಹುಚ್ಚಿ ಏನ ನೀ? ಸುರಗಿ ಬಿಟ್ಟು ಎದ್ದು ಬರ್ತಾರೇನು? ನಡಿ! ಹೋಗಿ ಕುಂದ್ರು!"

"ನೀ ಹಚ್ಚದಿದ್ರ ನಾ ಯಾರ ಕೈಲಿಂದೂ ಹಚ್ಚಿಸ್ಕೊಳ್ಳಂಗಿಲ್ಲ."

"ನಡಿ ಅಂದ್ನೆಲ್ಲ!" ಭಾಗಮ್ಮ ಹೌಹಾರಿ ಎದ್ದರು. ಮಗಳ ಬಾಳು ಈಗಲೇ ಕೈಬಿಟ್ಟು ಹೋಗುತ್ತಿದೆಯೇನೋ ಎಂಬಂತೆ ಅವಳ ಎರಡೂ ರಟ್ಟೆ ಹಿಡಿದು ಅಂಗಳದ ಕಡೆ ದಬ್ಬಿದರು. ಎರಡು ಹೆಜ್ಜೆ ದಬ್ಬಿದ ಮೇಲೆ ನಾಗರತ್ನಾ "ಅಯ್ಯಯ್ಯೋ!" ಎಂದದ್ದು ಕೇಳಿ ನಿಂತರು. ಮಗಳ ಬರಿಯ ರಟ್ಟೆಗಳ ಮೇಲೆ ಐದೈದು ಬೆರಳು ಹಳದಿಯಾಗಿ ಮೂಡಿದ್ದವು. ಅರಿಶಿಣ ಹಚ್ಚಿ ಆಗಿತ್ತು. ಮೊದಲು ಹಚ್ಚಿದವಳು ತಾಯಿ.

ಆಗಲೇ ಕ್ಯಾಮೆರಾ ಕ್ಲಿಕ್ ಎಂದಿತು. ಶಿವರಂಜನಿ ಯೋಚಿಸಿ ಒತ್ತಿದ್ದಲ್ಲ, ಕಸುಬಿನ ಬೆರಳು ಒತ್ತಿತ್ತು.

ಭಾಗಮ್ಮ ಸೆರಗು ಹಿಡಿದು ಮಗಳ ರಟ್ಟೆ ಒರೆಸಲು ಹೋದರು. ಸುಶ್ಮಿತಾ ತಾಯಿಯ ಕೈಯನ್ನು ಹಿಡಿದು ಅಲ್ಲೇ ಒತ್ತಿಕೊಂಡಳು. ಅವಳು ಅಳುತ್ತಿದ್ದಳು, ಆದರೆ ಹಿಡಿತ ಸಡಿಲಿಸಲಿಲ್ಲ.

"ಆ ಫೋಟೋ ಅಳಿಸು," ಹಣಮಂತರಾಯರು ಹೇಳಿದರು. ಈ ಸಲ ತಂಗಿ ಅನ್ನಲಿಲ್ಲ. "ಈಗಲೇ. ನನ್ನ ಕಣ್ಣೆದುರಿಗಿ. ಇಲ್ಲಂದ್ರ ಇಲ್ಲಿಗೂ ಬರಬ್ಯಾಡ, ಸಂಘಕ್ಕೂ ಬರಬ್ಯಾಡ. ಈ ತಾಲೂಕಿನಾಗ ನಿನ್ನ ಯಾರು ಕರೀತಾರ ನಾನೂ ನೋಡ್ತೀನಿ."

ಎಲ್ಲರೂ ಶಿವರಂಜನಿಯ ಬೆರಳನ್ನೇ ನೋಡುತ್ತಿದ್ದರು. ಅಳಿಸುವ ಗುಂಡಿ ಹೆಬ್ಬೆರಳಿನ ಕೆಳಗೇ ಇತ್ತು. ಪುಸ್ತಕ, ಪ್ರದರ್ಶನ, ಮೂಲೆಯಲ್ಲಿ ತನ್ನ ಹೆಸರು, ಎಲ್ಲವೂ ಆ ಗುಂಡಿಯ ಆಚೆಗಿತ್ತು. ಬೇಕೆನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ತುಂಬಾ ಬೇಕೆನಿಸಿತು. ಆದರೆ ಇದು ಅವಳ ಫೋಟೋ ಅಲ್ಲ. ಅವಳು ಭಾಗಮ್ಮನ ಕಡೆ ತಿರುಗಿದಳು.

"ಅವ್ವಾ, ಅಳಿಸಂತ ನೀವು ಹೇಳ್ರಿ, ಅಳಿಸ್ತೀನಿ. ಬ್ಯಾರೆ ಯಾರು ಹೇಳಿದ್ರೂ ಅಳಿಸಂಗಿಲ್ಲ."

ಭಾಗಮ್ಮ ಭಾವನನ್ನು ನೋಡಿದರು. ನಾಗಕ್ಕನನ್ನು ನೋಡಿದರು. ಮಗಳ ಮುಖ ನೋಡಿದರು. ಆಮೇಲೆ ಬಗ್ಗಿ, ಪರಾತದಿಂದ ಇನ್ನಷ್ಟು ಅರಿಶಿಣ ತೆಗೆದುಕೊಂಡು, ಎಲ್ಲರ ಕಣ್ಣೆದುರೇ ಸುಶ್ಮಿತಾಳ ಎರಡೂ ಕೆನ್ನೆಗೆ ಹಚ್ಚಿದರು.

"ಈಗ ಇನ್ನೊಂದು ಫೋಟೋ ತೆಗಿ," ಎಂದರು. "ಮೊದಲಿಂದರಾಗ ನಾ ಮಗಳ್ನ ದಬ್ಬಾಕತ್ತಿದ್ದೆ."