ಸಮುದ್ರದ ಗಂಟೆ

"ಕಪ್ಪು ಕೊಡೆ ಬಿಚ್ಚಿಬಿಡ್ಲಪ್ಪಾ ದೇವ್ರೇ ಅಂತ ನಾವು ಮಕ್ಕಳೆಲ್ಲ ಕಣ್ಣು ಮುಚ್ಕೊಂಡು ಬೇಡ್ಕೋತಿದ್ವಿ ಕಣಮ್ಮಾ," ಎಂದಳು ಮುದುಕಿ, ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು. "ಈ ದಡದಲ್ಲಿ ಕೊಡೆ ಬಿಚ್ಚಿದ್ರೆ ದಾರಿ ಮುಚ್ಚಿತು ಅಂತ ಲೆಕ್ಕ. ದ್ವೀಪದಲ್ಲೇ ಇರಿ, ನೀರು ಇಳಿಯೋ ತನಕ ಬರಬೇಡಿ ಅಂತ. ಅಷ್ಟು ಹೊತ್ತು ಜಾಸ್ತಿ ಆಡಬಹುದಲ್ಲ!"

"ಬಿಚ್ಚಿದ್ರಾ ಯಾವತ್ತಾದ್ರೂ?" ದಡದ ಚಹಾ ಅಂಗಡಿಯ ಕಿಟಕಿಯೊಳಗಿಂದ ಲೌರಿ ಕೇಳಿದಳು.

"ಎಲ್ಲಿ! ಆ ಉದ್ದ ಮೂಗಿನ ಮನುಷ್ಯ ಒಂದ್ಸಲಾನೂ ಬಿಚ್ಚಲಿಲ್ಲ, ಪಾಪಿ. ಕೊಡೆ ಊರ್ಕೊಂಡು ಕಂಬದ ಥರ ನಿಂತೇ ಇರ್ತಿದ್ದ."

"ಆ ಪಾಪಿ ನಮ್ಮ ತಾತ ಕಣಮ್ಮ," ಎಂದು ಲೌರಿ ನಕ್ಕಳು. "ಮೂಗು ನಮ್ಮ ದೊಡ್ಡಮ್ಮನಿಗೆ ಬಂತು. ಕೊಡೆ ಇಲ್ಲೇ ಬಾಗಿಲ ಹಿಂದೆ ನೇತಾಡ್ತಿದೆ."

ಮುದುಕಿಗೆ ಎಷ್ಟು ಖುಷಿಯಾಯಿತೆಂದರೆ ಚಹಾ ತುಳುಕಿ ಮೊಮ್ಮಗನ ಬೂಟಿನ ಮೇಲೆ ಬಿತ್ತು. ಅವಳ ಹೆಸರು ಎಲೂನೆಡ್. ಊರು ಕಲ್ಲಿದ್ದಲಿನ ಕಣಿವೆಯ ಕಡೆ. ಚಿಕ್ಕವಳಿದ್ದಾಗ ಪ್ರಾರ್ಥನಾಮಂದಿರದವರು ವರ್ಷಕ್ಕೊಮ್ಮೆ ಬಸ್ಸು ಮಾಡಿಸಿ ಮಕ್ಕಳನ್ನು, ಸಮುದ್ರ ಇಳಿದಾಗ ಮಾತ್ರ ಕಲ್ಲುಹಾದಿಯ ಮೇಲೆ ನಡೆದು ಸೇರಬಹುದಾದ ಈ ಹಾಲೆನ್ ದ್ವೀಪಕ್ಕೆ ಕರೆತರುತ್ತಿದ್ದರಂತೆ. ಈಗ ಮೊಮ್ಮಗ ಗೆಥಿನ್, ಸ್ವತಃ ಬಸ್ಸು ಓಡಿಸುವವನು, ರಜೆ ಹಾಕಿ ಕರೆತಂದಿದ್ದ. ಹೆಗಲಿಗೆ ಮೊಟ್ಟೆ ಸ್ಯಾಂಡ್‌ವಿಚ್ಚಿನ ಚೀಲ, ಕಂಕುಳಲ್ಲಿ ನೀಲಿ ಬಟ್ಟೆಯ ಮಡಿಸುವ ಕುರ್ಚಿ.

"ಅಜ್ಜಿ, ಆಚೆ ಕಡೆ ಸೀಲ್ ಪ್ರಾಣಿಗಳಿವೆಯಂತೆ. ನಿನ್ನ ಕಣ್ಣಿಗೆ ಅವು ಬಂಡೆ ಥರ ಕಾಣ್ತವೆ ಅಷ್ಟೆ."

"ಹೋಗೋ! ಎರಡೂ ಕಣ್ಣಿಗೆ ಹೊಸ ಮಸೂರ ಹಾಕಿಸಿದೀನಿ. ಎದುರು ಗುಡ್ಡದಲ್ಲಿ ಯಾವ ಕುರಿ ಕುಂಟ್ತಿದೆ ಅಂತ ಹೇಳ್ತೀನಿ ಬೇಕಾದ್ರೆ. ಕಾಲು ಮಾತ್ರ ಹಳೇದು."

ಅಜ್ಜಿಯ ಚಕ್ರದ ನಡೆಗೋಲು ಪಾಚಿಕಲ್ಲಿನ ಮೇಲೆ ಉರುಳುವುದಿಲ್ಲವೆಂದು ಅದನ್ನು ಲೌರಿಯ ಬಳಿ ಬಿಟ್ಟರು. ಹೊರಡುವ ಮುಂಚೆ ಗೆಥಿನ್ ಕೇಳಿದ, "ಎಷ್ಟು ಹೊತ್ತಿಗೆ ವಾಪಸ್ ಬರಬೇಕು ಅಕ್ಕಾ?"

ಲೌರಿ ಅಂಗಡಿಯ ಹೊರಗಿನ ಹಲಗೆಯನ್ನು ಗಲ್ಲದಿಂದಲೇ ತೋರಿಸಿದಳು. ಸೀಮೆಸುಣ್ಣದಲ್ಲಿ ದೊಡ್ಡದಾಗಿ ಐದು ಎಂದು ಬರೆದಿತ್ತು. "ಐದರೊಳಗೆ ದಾಟಿಬಿಡಿ. ನಿಧಾನವಾಗಿ ಬನ್ನಿ, ಅವಸರ ಏನಿಲ್ಲ. ಅಮ್ಮನ್ನ ಓಡಿಸಬೇಡಿ."

ಆ ಮಾತನ್ನು ಅವಳು ಆಮೇಲೆ ಬಾಳಿಡೀ ಮರೆಯಲಿಲ್ಲ.

ಹಲಗೆಯದು ಹಳೆಯ ಜಗಳ. ಉಬ್ಬರ ಇಳಿತದ ಪುಸ್ತಕ ನೋಡಿ ಬೆಳಿಗ್ಗೆ ಹಲಗೆಯ ಮೇಲೆ ದಾರಿ ಮುಚ್ಚುವ ಹೊತ್ತು ಬರೆಯುವುದು ದೊಡ್ಡಮ್ಮ ಮೇನಿರಳ ಕೆಲಸ, ಅವಳಿಗೆ ಮುಂಚೆ ಅವಳ ಅಪ್ಪನದು. ಪುಸ್ತಕದಲ್ಲಿರುವುದು ಚಳಿಗಾಲದ ಗಂಟೆ. ಬೇಸಿಗೆಯಲ್ಲಿ ದೇಶವೆಲ್ಲ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಂಡರೂ ಮೇನಿರ್ ತಿರುಗಿಸುವವಳಲ್ಲ. "ಗಡಿಯಾರ ತಿರುಗಿಸಿದ್ದು ಸರ್ಕಾರ. ಸಮುದ್ರಕ್ಕೆ ಯಾರೂ ಹೇಳಿಲ್ಲ," ಎನ್ನುತ್ತಿದ್ದಳು. ಊರವರು ಹಲಗೆ ನೋಡಿ ಮನಸ್ಸಿನಲ್ಲೇ ಒಂದು ಗಂಟೆ ಕೂಡಿಸಿಕೊಳ್ಳುತ್ತಿದ್ದರು. ಗೊತ್ತಿಲ್ಲದ ಪ್ರವಾಸಿಗರು ಒಂದು ಗಂಟೆ ಮೊದಲೇ ಓಡೋಡಿ ಬಂದು, ಒಣಗಿಯೇ ಇದ್ದ ದಾರಿಯನ್ನು ನೋಡುತ್ತಾ ಗೊಣಗುತ್ತಿದ್ದರು. "ಗೊಣಗಲಿ ಬಿಡು, ಬದುಕಿದ್ದವರು ತಾನೇ ಗೊಣಗೋದು," ಎನ್ನುವುದು ಮೇನಿರಳ ಉತ್ತರ.

ಗಂಡನನ್ನು ಬಿಟ್ಟು ಪಟ್ಟಣದಿಂದ ಬಂದು ಅಂಗಡಿ ವಹಿಸಿಕೊಂಡ ಲೌರಿಗೆ ಇದು ಸರಿಬರಲಿಲ್ಲ. ವಾದ ಮಾಡಿ ಸೋತಳು. ಆಮೇಲೆ ಸದ್ದಿಲ್ಲದೆ ಒಂದು ದಾರಿ ಹುಡುಕಿಕೊಂಡಳು. ದೊಡ್ಡಮ್ಮ ಬರೆದು ಮನೆಗೆ ಹೋದಮೇಲೆ, ಒದ್ದೆ ಬಟ್ಟೆಯಲ್ಲಿ ಅಂಕೆ ಒರೆಸಿ ಒಂದು ಗಂಟೆ ಕೂಡಿಸಿ ಬರೆಯುವುದು. ಬೇಸಿಗೆಯುದ್ದಕ್ಕೂ ಹಾಗೆಯೇ ನಡೆದಿತ್ತು. ಈಗ ಅದು ಕೈಗೆ ರೂಢಿಯಾಗಿ, ತಲೆಯ ಅಪ್ಪಣೆಗೆ ಕಾಯುತ್ತಿರಲಿಲ್ಲ.

ಮಧ್ಯಾಹ್ನ ಕಳೆಯಿತು. ಶಾಲೆಗಳು ಶುರುವಾಗಿದ್ದರಿಂದ ಜನ ಕಡಿಮೆ. ನಾಯಿ ಕರೆತಂದಿದ್ದ ಗಂಡಹೆಂಡಿರು ಆಗಲೇ ವಾಪಸ್ಸಾಗಿ ಕಾರಿನ ಹತ್ತಿರ ನಾಯಿಯ ಕಾಲು ಒರೆಸುತ್ತಿದ್ದರು. ಲೌರಿ ಲೋಟ ತೊಳೆಯುತ್ತಿದ್ದಾಗ ಮೇನಿರ್ ಕುಂಟುತ್ತಾ ಇಳಿಜಾರಿನಲ್ಲಿ ಬಂದಳು. ಕೈಯಲ್ಲಿ ಡಬ್ಬಿ, ಅದರ ತುಂಬ ಹಂಚಿನ ಮೇಲೆ ಬೇಯಿಸಿದ ಒಣದ್ರಾಕ್ಷಿಯ ಸಿಹಿಬಿಲ್ಲೆ, ಇನ್ನೂ ಬಿಸಿ. ಹಿಂದಿನ ಸಂಜೆ ಇಬ್ಬರೂ ಹಲಗೆಯ ವಿಷಯಕ್ಕೇ ಜೋರು ಮಾತಾಡಿಕೊಂಡಿದ್ದರು. ಬಿಲ್ಲೆ ಎಂದರೆ ರಾಜಿ ಎಂದು ಲೌರಿಗೆ ಗೊತ್ತು.

"ಏನೂ ಹೇಳಲಿಲ್ಲವಲ್ಲೇ ನೀನು?" ಎಂದಳು ಮೇನಿರ್, ಡಬ್ಬಿ ಇಡುತ್ತಾ.

"ಏನು ಹೇಳಲಿ?"

"ಹಲಗೆ ನೋಡಲಿಲ್ವಾ ಬೆಳಿಗ್ಗೆ? ನೀನೇ ಗೆದ್ದೆ ಹೋಗು. ರಾತ್ರಿಯೆಲ್ಲ ಯೋಚನೆ ಮಾಡಿದೆ. ಸಾಯೋ ಕಾಲಕ್ಕೆ ನನಗ್ಯಾಕೆ ಹಟ ಅಂತ ಬೇಸಿಗೆ ಗಂಟೇಲೇ ಬರೆದೆ ಕಣೇ. ಸರ್ಕಾರದ ಗಂಟೇಲಿ."

ಲೌರಿ ಲೋಟವನ್ನು ತೊಟ್ಟಿಯಲ್ಲೇ ಬಿಟ್ಟು ತಿರುಗಿದಳು.

"ಎಷ್ಟು ಅಂತ ಬರೆದೆ?"

"ನಾಲ್ಕು."

ಅಂಗಡಿಯ ಗಡಿಯಾರದಲ್ಲಿ ಮುಳ್ಳು ನಾಲ್ಕನ್ನು ದಾಟಿತ್ತು. ನಿನ್ನೆ ದೊಡ್ಡಮ್ಮ ಎರಡು ಚಿಲ್ಲರೆ ಎಂದು ಬರೆದದ್ದು, ದಿನಕ್ಕೆ ಮುಕ್ಕಾಲು ಗಂಟೆಯಷ್ಟೇ ಮುಂದೆ ಹೋಗುವಂಥದ್ದು, ಇವತ್ತು ನಾಲ್ಕಕ್ಕೆ ಹೇಗೆ ಹಾರಿತು ಎಂದು ಬೆಳಿಗ್ಗೆ ಒಂದು ಚೂರು ಯೋಚಿಸಿದ್ದರೆ ಸಾಕಿತ್ತು. ಆಗ ಗ್ಯಾಸಿನವನು ಸಿಲಿಂಡರ್ ಇಳಿಸುತ್ತಿದ್ದ, ಹಾಲು ಬಂದಿರಲಿಲ್ಲ. ಕೈ ನಾಲ್ಕನ್ನು ಒರೆಸಿತ್ತು, ಕೈ ಐದು ಬರೆದಿತ್ತು.

ಮೇನಿರ್ ಹಲಗೆಯ ಕಡೆ ತಿರುಗಿ ನೋಡಿದಳು. ಅಲ್ಲಿ ಐದು ಎಂದಿತ್ತು. ಬೈಯಲಿಲ್ಲ. ಅದೇ ಲೌರಿಗೆ ಹೆಚ್ಚು ಭಯವಾದದ್ದು.

"ಯಾರಾದ್ರೂ ಇದಾರಾ ಆಚೆ?"

"ಇಬ್ಬರು. ಒಬ್ಬಳು ಮುದುಕಿ."

ದ್ವೀಪದಲ್ಲೇ ಇದ್ದರೆ ಯಾರಿಗೂ ಏನೂ ಆಗುವುದಿಲ್ಲ. ಚಳಿ, ಹಸಿವು, ಅಷ್ಟೆ. ಅಪಾಯವಿರುವುದು ನಂಬಿ ಹೊರಟವರಿಗೆ. ಕಲ್ಲುಹಾದಿಯ ಎರಡು ತುದಿಗಳೂ ಎತ್ತರ, ನಡುವೆ ತಗ್ಗು. ಊರವರು ಆ ತಗ್ಗಿಗೆ ಬಟ್ಟಲು ಎನ್ನುತ್ತಾರೆ. ಉಬ್ಬರ ಮೊದಲು ತುಂಬುವುದು ಬಟ್ಟಲನ್ನು, ಅದೂ ಎರಡೂ ಪಕ್ಕದಿಂದ, ಸದ್ದಿಲ್ಲದೆ. ತುದಿಯಲ್ಲಿ ನಿಂತವನಿಗೆ ದಾರಿ ಒಣಗಿದ ಹಾಗೆಯೇ ಕಾಣುತ್ತದೆ. ನಡುವಿಗೆ ಬಂದಾಗ ಮುಂದೆಯೂ ನೀರು, ಹಿಂದೆಯೂ ನೀರು. ಮೊಣಕಾಲುದ್ದದ ನೀರು ಸಾಕು, ಸೆಳೆತ ಎಂಥ ಗಂಡಾಳನ್ನೂ ಮಗುಚಿಹಾಕುತ್ತದೆ.

ಲೌರಿ ಓಡಿದಳು. ಆ ಕೊಲ್ಲಿಯಲ್ಲಿ ಫೋನಿಗೆ ಸಿಗ್ನಲ್ ಸಿಗದು. ನಾಯಿ ತಂದಿದ್ದ ಗಂಡಹೆಂಡಿರಿಗೆ, ಗುಡ್ಡದ ತುದಿಗೆ ಕಾರು ಹತ್ತಿಸಿ ಫೋನಿನಲ್ಲಿ ರಕ್ಷಣೆಯ ಲೈಫ್‌ಬೋಟಿನವರಿಗೆ ಹೇಳಿ ಎಂದು ಅರೆಬರೆ ಕೂಗಿದಳು. ಅವರು ಎರಡನೆಯ ಪ್ರಶ್ನೆ ಕೇಳದೆ ನಾಯಿಯನ್ನು ಒಳಗೆ ತಳ್ಳಿ ಹೊರಟರು. ಲೌರಿ ಕಲ್ಲುಹಾದಿಯ ಬಾಯಿಗೆ ಬಂದು ನಿಂತಾಗ, ಬಟ್ಟಲಿನಲ್ಲಿ ಎರಡು ಕಡೆಯ ನೀರು ಇನ್ನೂ ಕೂಡಿರಲಿಲ್ಲ. ನಡುವೆ ಕಲ್ಲಿನ ಒಂದು ಸಣ್ಣ ಕಪ್ಪು ಏಣು ಉಳಿದಿತ್ತು.

ಆಚೆ ದಡದ ಪೊದೆಗಳ ನಡುವೆ ನೀಲಿ ಕಂಡಿತು. ಮಡಿಸಿದ ಕುರ್ಚಿ. ಅದರ ಹಿಂದೆ ಅಜ್ಜಿ, ಮೊಮ್ಮಗನ ತೋಳು ಹಿಡಿದು, ಆರಾಮಾಗಿ ಹೆಜ್ಜೆ ಇಡುತ್ತಾ. ಅವಸರ ಏನಿಲ್ಲ ಎಂದು ಹೇಳಿದ್ದಳಲ್ಲ.

"ಬರಬೇಡೀ! ಅಲ್ಲೇ ಇರೀ!" ಲೌರಿ ಗಂಟಲು ಹರಿಯುವ ಹಾಗೆ ಕೂಗಿದಳು. ಗಾಳಿ ಸಮುದ್ರದಿಂದ ಬೀಸುತ್ತಿತ್ತು. ಕೂಗು ಅವಳ ಕಿವಿಯ ಹಿಂದಕ್ಕೇ ಹಾರಿಹೋಯಿತು. ಎರಡೂ ಕೈಯೆತ್ತಿ ಬೀಸಿದಳು.

ಗೆಥಿನ್ ಅದನ್ನು ಕಂಡ. ನಗುತ್ತಾ, ಅವನೂ ಕೈ ಬೀಸಿದ. ಅಜ್ಜಿಗೂ ತೋರಿಸಿದ. ಅಜ್ಜಿಯೂ ಬೀಸಿದಳು. ಇಬ್ಬರೂ ಹೆಜ್ಜೆ ಚುರುಕು ಮಾಡಿ ಕಲ್ಲುಹಾದಿಗೆ ಇಳಿದರು.

"ಕೈ ಬೀಸಬೇಡ್ವೇ!" ಹಿಂದಿನಿಂದ ಮೇನಿರ್ ಏದುಸಿರು ಬಿಡುತ್ತಾ ಬಂದು ಅವಳ ಮೊಣಕೈ ಹಿಡಿದು ಎಳೆದಳು. "ಬಾ ಬಾ ಅಂತ ಕರೆದ ಹಾಗಾಗುತ್ತೆ!"

ಲೌರಿಯ ಕೈ ಕೆಳಗೆ ಬಿತ್ತು. ಓಡಿಹೋಗಿ ನಡುವೆ ನಿಲ್ಲೋಣವೆಂದು ಎರಡು ಹೆಜ್ಜೆ ಇಟ್ಟಳು. ಏಣು ಆಗಲೇ ಮುಳುಗಿತ್ತು. ಅಲ್ಲಿ ತೆಳ್ಳಗೆ ಹೊಳೆಯುವ ನೀರು, ನೆಲ ಒರೆಸಿದ ಹಾಗೆ. ದಾರಿಯ ಆ ತುದಿಯಲ್ಲಿ ಇಬ್ಬರೂ ಮಾತಾಡಿಕೊಂಡು ಬರುತ್ತಿದ್ದರು. ಅಜ್ಜಿ ಯಾವುದೋ ಬಂಡೆಯನ್ನು ತೋರಿಸುತ್ತಿದ್ದಳು, ಬಹುಶಃ ಇಲ್ಲಿ ಬಿದ್ದಿದ್ದೆ, ಇಲ್ಲಿ ಅತ್ತಿದ್ದೆ ಎಂದು.

ಆಗ ಲೌರಿಗೆ ನೆನಪಾಯಿತು.

"ದೊಡ್ಡಮ್ಮಾ, ತಾತನ ಕೊಡೆ!"

"ಕೊಡೆ ಯಾಕೆ ಈಗ? ಯಾರಿಗೆ ಗೊತ್ತಿದೆ ಅದರ ಅರ್ಥ?"

"ಅವಳಿಗೆ ಗೊತ್ತು! ಆ ಅಜ್ಜಿಗೆ ಗೊತ್ತು!"

ಲೌರಿ ಅಂಗಡಿಗೆ ಓಡಿಹೋಗಿ ಓಡಿಬಂದಳು. ಮೊಳೆಯಿಂದ ಕಿತ್ತು ತಂದ ಕೊಡೆಯ ಗುಂಡಿ ತುಕ್ಕು ಹಿಡಿದು ಕೂತಿತ್ತು. ಹೆಬ್ಬೆರಳು ಒತ್ತಿದರೆ ಚರ್ಮ ಕಿತ್ತು ರಕ್ತ ಬಂತೇ ಹೊರತು ಕೊಡೆ ಅಲುಗಲಿಲ್ಲ.

"ಕೊಡಿಲ್ಲಿ, ಕೊಡಿಲ್ಲಿ. ಗುದ್ದಾಡಿದ್ರೆ ಬಿಚ್ಚಲ್ಲ ಅದು." ಮೇನಿರ್ ಕಿತ್ತುಕೊಂಡು, ಹಿಡಿಯನ್ನು ತನ್ನ ತೊಡೆಗೆ ಒಂದು ಸಲ ಬಡಿದು, ಒಳಗೆ ಕೈ ಹಾಕಿ ಮೇಲಕ್ಕೆ ದೂಡಿದಳು. ಕಪ್ಪು ಬಟ್ಟೆ ಬಿರುಸಾಗಿ ಅರಳಿತು. ಧೂಳು, ಒಣಗಿದ ಜೇಡ ಇಬ್ಬರ ಮುಖದ ಮೇಲೂ ಉದುರಿದವು. ಗಾಳಿ ಒಳಗೆ ಹೊಕ್ಕು ಮೇನಿರಳನ್ನೇ ಎತ್ತಿಕೊಂಡು ಹೋಗುವಂತೆ ಎಳೆಯಿತು. ಲೌರಿ ಹಿಂದಿನಿಂದ ತಬ್ಬಿ, ಅವಳ ಕೈಯ ಮೇಲೆ ಕೈಯಿಟ್ಟು ಹಿಡಿದಳು. ಅಲ್ಲಾಡದೆ ನಿಂತರು. ಕಂಬದ ಥರ.

ಆಚೆ ಅಜ್ಜಿ ಮೊಮ್ಮಗ ಇಬ್ಬರೂ ಕಲ್ಲುಹಾದಿಯ ಇಳಿಜಾರಿನ ಅರ್ಧಕ್ಕೆ ಬಂದಿದ್ದರು.

ಅಜ್ಜಿ ಏನೋ ಹೇಳುತ್ತಿದ್ದವಳು ತಲೆ ಎತ್ತಿದಳು. ನಿಂತಳು.

ಗೆಥಿನ್ ತೋಳು ಎಳೆದ. ಅವಳು ಬರಲಿಲ್ಲ. ಅವನು ಕೈಗಡಿಯಾರ ತೋರಿಸಿದ, ಈ ದಡವನ್ನು ತೋರಿಸಿದ, ಒಣಗಿದ್ದ ಕಲ್ಲನ್ನು ಬೂಟಿನಿಂದ ಕುಟ್ಟಿ ತೋರಿಸಿದ. ಅಜ್ಜಿ ತಲೆಯಾಡಿಸುತ್ತಲೇ ಇದ್ದಳು.

"ಕೇಳೋ ಅವಳ ಮಾತು," ಮೇನಿರ್ ಹಲ್ಲು ಕಚ್ಚಿ ಗೊಣಗಿದಳು. "ಕೇಳೋ, ಎಮ್ಮೆ ತಮ್ಮ, ಕೇಳೋ."

ಅವನು ಕೇಳಲಿಲ್ಲ. ಅಜ್ಜಿಯನ್ನು ಅಲ್ಲೇ ಬಿಟ್ಟು, ಕುರ್ಚಿ ಹಿಡಿದುಕೊಂಡೇ, ದಾರಿ ಸರಿಯಾಗಿದೆ ಎಂದು ತೋರಿಸುವವನಂತೆ ಮುಂದೆ ಬಂದ. ಬಟ್ಟಲಿನ ಅಂಚಿಗೆ ಬಂದ. ಲೌರಿಗೆ ಅವನ ಮುಖ ಕಾಣುತ್ತಿತ್ತು. ಇನ್ನೂ ಅರ್ಧ ನಗುತ್ತಿದ್ದ. ಎಡಗಡೆಯಿಂದ ಒಂದು ಅಲೆ, ಅಲೆ ಎನ್ನುವಷ್ಟೂ ದೊಡ್ಡದಲ್ಲ, ನಾಲಿಗೆ ಚಾಚಿದ ಹಾಗೆ ಅಡ್ಡ ಬಂದು ಅವನ ಎರಡೂ ಕಾಲನ್ನು ಒಟ್ಟಿಗೆ ಎಳೆಯಿತು. ಅವನು ಕೂತುಬಿಟ್ಟ. ಕುರ್ಚಿ ಕೈಯಿಂದ ಜಾರಿತು. ಒಂದು ಗಳಿಗೆ ನೀರಿನ ಮೇಲೆ ಬರಿಯ ತಲೆ, ಭುಜ. ಲೌರಿ ಕಣ್ಣು ಮುಚ್ಚಿಕೊಂಡಳು.

"ಎದ್ದ," ಎಂದಳು ಮೇನಿರ್. "ಎದ್ದ, ಎದ್ದ. ನೋಡೇ."

ಕೈಕಾಲೂರಿ ಎದ್ದವನು ತಿರುಗಿ ಓಡಿದ. ಅಜ್ಜಿಯ ಮುಂದೆ ಕುಕ್ಕರಿಸಿ ಬೆನ್ನು ಕೊಟ್ಟ. ಅವಳನ್ನು ಹೊತ್ತು ಮೇಲಕ್ಕೆ ನಡೆಯತೊಡಗಿದ. ಹಿಂದೆ ನೀರು ಕಲ್ಲಿನಿಂದ ಕಲ್ಲಿಗೆ ಏರುತ್ತಿತ್ತು. ಒಮ್ಮೆ ಮುಗ್ಗರಿಸಿದ. ಇನ್ನೊಮ್ಮೆ ಮಂಡಿಯೂರಿದ. ಕೊಡೆಯ ಒಂದು ಕಡ್ಡಿ ಟಪ್ಪೆಂದು ಮುರಿದು ಲೌರಿಯ ಕೆನ್ನೆ ಗೀರಿತು. ಅದು ಅವಳಿಗೆ ತಿಳಿದದ್ದು ಎಷ್ಟೋ ಹೊತ್ತಿನ ಮೇಲೆ.

ಕೊನೆಗೆ ಹಸಿರು ಹುಲ್ಲಿನ ಮೇಲೆ ಎರಡು ಸಣ್ಣ ಆಕೃತಿಗಳು. ಒಂದು ಮಲಗಿತ್ತು, ಇನ್ನೊಂದು ಕೂತು ಅದರ ಬೆನ್ನು ತಟ್ಟುತ್ತಿತ್ತು.

"ಕೊಡೆ ಮುಚ್ಚೋಣ್ವಾ?" ಲೌರಿ ಕೇಳಿದಳು.

"ಬೇಡ. ದೋಣಿ ಬರೋ ತನಕ ಮುಚ್ಚಬಾರದು. ಮುಚ್ಚಿದ್ರೆ ಬರ್ತಾರೆ." ಮೇನಿರ್ ಹಿಡಿಯನ್ನು ಬಿಗಿ ಮಾಡಿಕೊಂಡು ಹೇಳಿದಳು, "ನಿನಗೊಂದು ಮಾತು ಹೇಳಿ ಬರೀಬೇಕಿತ್ತು ನಾನು."

"ನಾನು ಬೇಸಿಗೆಯೆಲ್ಲ ಒರೆಸ್ತಿದ್ದೆ ದೊಡ್ಡಮ್ಮಾ. ನಿನ್ನ ಬೆನ್ನ ಹಿಂದೆ."

"ಗೊತ್ತು ಕಣೇ. ನಾನೇನು ಕುರುಡಿಯಾ? ದಿನಾ ಸಂಜೆ ನೋಡ್ತಿದ್ದೆ. ಇವತ್ತು ನೀನು ಒರೆಸಲ್ಲ ಅಂದ್ಕೊಂಡಿದ್ದೆ. ನನ್ನ ಅಂಕೆ ಓದಿ ನಗ್ತೀಯ ಅಂತ."

ಗಾಳಿ ಕೊಡೆಯನ್ನು ಎಳೆಯುತ್ತಲೇ ಇತ್ತು.

ನೀರು ಈಗ ಅವರ ಪಾದದ ಬಳಿಯ ಕಲ್ಲಿಗೆ ಬಂದಿತ್ತು. ಅದರ ಮೇಲೆ ನೀಲಿ ಕುರ್ಚಿ, ಮಡಿಕೆ ಬಿಚ್ಚಿ ನಾಲ್ಕೂ ಕಾಲು ಮೇಲೆ ಮಾಡಿಕೊಂಡು, ಮೆಲ್ಲಗೆ ತಿರುಗುತ್ತಾ ತೇಲಿ ಬಂತು. ಮೇನಿರಳ ಬೂಟಿಗೆ ಒಮ್ಮೆ ತಾಗಿ ಹಿಂದೆ ಸರಿಯಿತು, ಮತ್ತೆ ಬಂದು ತಾಗಿತು. ಇಬ್ಬರ ಕೈಯೂ ಕೊಡೆಯ ಮೇಲಿತ್ತು. ಕುರ್ಚಿಯನ್ನು ಎತ್ತಿಕೊಳ್ಳಲು ಯಾರೂ ಬಗ್ಗಲಿಲ್ಲ.